ಗುಂಪಿನಲ್ಲಿ ಬೈಕ್ ರೈಡ್ ಹೋಗುವಾಗ ಎಂತೆಲ್ಲ ಗೊತ್ತಿರಬೇಕು? (ಕಾಸರಗೋಡು - ಮಡಿಕೇರಿ - ಪಾಣತ್ತೂರು)

ನೀರ್ಚಾಲು ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನದು 150 ಸಿಸಿ ಬೈಕ್. ದಿನಾ ನೀರ್ಚಾಲಿನಿಂದ ಕಾಸರಗೋಡಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಒಬ್ಬನೇ ಪೊಸಡಿಗುಂಪೆ, ಬೇಕಲ, ರಾಣಿಪುರಂ ಎಲ್ಲ ಸುತ್ತಿದ್ದೇನೆ. ಗುಂಪಿನಲ್ಲಿ ಹೋಗಿ ಅಭ್ಯಾಸ ಇಲ್ಲ.

ಈಗ ಆಫೀಸಿನ ಒಬ್ಬರು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ. ನವೆಂಬರ್‌ನಲ್ಲಿ ಒಂದು ಭಾನುವಾರ ರೈಡ್ ಅಂತೆ. ಬೆಳಗ್ಗೆ 5.30ಕ್ಕೆ ವಿದ್ಯಾನಗರದಿಂದ ಹೊರಟು ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ. ಅಲ್ಲಿಂದ ಭಾಗಮಂಡಲ, ಕರಿಕೆ, ಪಾಣತ್ತೂರು, ಕಾಞಂಗಾಡ್ ಆಗಿ ಸಂಜೆಗೆ ವಾಪಸ್. ಬೈಕ್ ಹತ್ತು ಹನ್ನೆರಡು ಇರಬಹುದು. ಹೆಚ್ಚಿನವರದ್ದು 350, 400 ಸಿಸಿ.

ಹೋಗಬೇಕು ಅಂತ ಆಸೆ ಉಂಟು. ಆದರೆ ಅಲ್ಲಿ ಎಂತ ನಡೆಯುತ್ತದೆ ಅಂತಲೇ ಗೊತ್ತಿಲ್ಲ. ನನ್ನ ಸಣ್ಣ ಬೈಕಿನಿಂದ ಬೇರೆಯವರಿಗೆ ತೊಂದರೆ ಆಗುತ್ತದಾ? ಹಿಂದೆ ಬಿದ್ದರೆ ಬಿಟ್ಟು ಹೋಗುತ್ತಾರಾ? ಜಾಕೆಟ್, ಬೂಟ್ಸ್ ಎಲ್ಲ ಈಗಲೇ ತೆಗೆದುಕೊಳ್ಳಬೇಕಾ? ಗೊತ್ತಿದ್ದವರು ಹೇಳಿ.

ಕುಂಬಳೆ ಬುಲೆಟ್

ತಮ್ಮಾ, ಬೇರೆ ಎಲ್ಲಕ್ಕಿಂತ ಮೊದಲು ಆ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕು. "ಕೊನೆಯ ಬೈಕ್ ಯಾರದ್ದು?"

ಲೀಡ್, ಅಂದರೆ ಎಲ್ಲರಿಗಿಂತ ಮುಂದೆ ಹೋಗುವವನು, ಯಾರು ಅಂತ ಎಲ್ಲ ಕಡೆ ಹೇಳುತ್ತಾರೆ. ಪೋಸ್ಟರಿನಲ್ಲಿ ಅವನ ಫೋಟೋವೇ ಇರುತ್ತದೆ. ಕೊನೆಯವನ ಹೆಸರು ತಟ್ಟನೆ ಬಂತು ಅಂದರೆ ಧೈರ್ಯವಾಗಿ ಹೋಗು. "ಅದೆಲ್ಲ ಅಲ್ಲಿ ನೋಡುವ" ಅಂದರೆ ಅದು ಗುಂಪಲ್ಲ, ಒಂದೇ ದಿನ ಒಂದೇ ರಸ್ತೆಯಲ್ಲಿ ಹೋಗುವ ಹತ್ತು ಜನ ಅಷ್ಟೇ.

ಕೊನೆಯವನಿಗೆ ಸ್ವೀಪ್ ಅಂತ ಹೇಳುವುದು. ಕೆಲವರು ಟೇಲ್ ಅನ್ನುತ್ತಾರೆ. ಅವನ ಹಿಂದೆ ಗುಂಪಿನ ಒಂದು ಬೈಕೂ ಇರಬಾರದು. ಯಾರಾದರೂ ನಿಂತರೆ ಅವನೂ ನಿಲ್ಲಬೇಕು. ಪಂಕ್ಚರ್ ಕಿಟ್, ಫಸ್ಟ್ ಏಡ್ ಅವನ ಹತ್ತಿರ. ಸಾಧಾರಣವಾಗಿ ಗುಂಪಿನ ಅತ್ಯಂತ ಅನುಭವಿ ಇಬ್ಬರಲ್ಲಿ ಒಬ್ಬ ಮುಂದೆ, ಇನ್ನೊಬ್ಬ ಹಿಂದೆ. ಮುಂದಿನವನಿಗೆ ದಾರಿ ಗೊತ್ತಿದ್ದರೆ ಸಾಕು. ಹಿಂದಿನವನಿಗೆ ತಾಳ್ಮೆ ಬೇಕು.

ಇನ್ನು ನಿನ್ನ ಜಾಗ. ಹೊಸಬರು ನಾಚಿಕೆಯಿಂದ ಹಿಂದೆ ಹೋಗಿ ನಿಲ್ಲುತ್ತಾರೆ. ಅದು ಸರಿಯಲ್ಲ. ಹೊಸಬ ಲೀಡಿನ ಹಿಂದೆಯೇ ಇರಬೇಕು, ಎರಡನೆಯವನೋ ಮೂರನೆಯವನೋ ಆಗಿ. ಕಾರಣ ಹೇಳುತ್ತೇನೆ.

ಒಂದು ಹಂಪ್ ಬಂತು ಅಂತ ಇಟ್ಟುಕೋ. ಲೀಡ್ 60ರಲ್ಲಿ ಇದ್ದವನು 20ಕ್ಕೆ ಇಳಿದ, ಹಂಪ್ ದಾಟಿದ, ಪುನಃ 60ಕ್ಕೆ ಹೋದ. ಆಗ ಹತ್ತನೆಯವನು ಇನ್ನೂ ಹಂಪಿನ ಹತ್ತಿರವೇ ಬಂದಿರುವುದಿಲ್ಲ. ಅವನು ಹಂಪ್ ದಾಟುವಾಗ ಮುಂದಿನವರು ತುಂಬಾ ದೂರ. ಹಿಡಿಯಬೇಕಾದರೆ ಅವನು 80ರಲ್ಲಿ ಹೋಗಬೇಕು. ಹೀಗೆ ಗುಂಪು ರಬ್ಬರ್ ಬ್ಯಾಂಡಿನ ಹಾಗೆ ಎಳೆದುಕೊಳ್ಳುತ್ತದೆ, ಕುಗ್ಗುತ್ತದೆ. ಮುಂದೆ ಇದ್ದವನು ಆರಾಮ 60. ಹಿಂದೆ ಇದ್ದವನು ದಿನವಿಡೀ 80, ಬ್ರೇಕ್, 80, ಬ್ರೇಕ್. ಹೊಸಬನನ್ನು ಅಲ್ಲಿ ಹಾಕಿದರೆ ತಿರುವಿನಲ್ಲಿ ಗಡಿಬಿಡಿ ಮಾಡಿ ಬೀಳುವವನು ಅವನೇ.

ನಿನ್ನ 150ರ ವಿಷಯಕ್ಕೂ ಇದೇ ಉತ್ತರ. ಸಣ್ಣ ಬೈಕ್ ಮುಂದೆ ಇದ್ದರೆ ಇಡೀ ಗುಂಪು ಅದರ ವೇಗಕ್ಕೆ ಹೊಂದಿಕೊಳ್ಳುತ್ತದೆ. ಘಾಟಿಯಲ್ಲಿ ದೊಡ್ಡ ಬೈಕಿನವರೂ ಹೆಚ್ಚು ಕಡಿಮೆ ಅಷ್ಟೇ ಹೋಗುವುದು.

ಅಡಿಕೆ ತೋಟ

ಎಲ್ಲರೂ ಹೋಗು ಹೋಗು ಅನ್ನುತ್ತೀರಿ. ನಾನು ಒಂದು ಬೇರೆ ಮಾತು ಹೇಳುತ್ತೇನೆ. ಭಾನುವಾರ ಬೆಳಗ್ಗೆ ನಮ್ಮ ಮನೆ ಮುಂದಿನಿಂದ ಹೋಗುತ್ತಾರಲ್ಲ ಈ ಗುಂಪುಗಳು. ಸೈಲೆನ್ಸರ್ ಶಬ್ದಕ್ಕೆ ದನ ಹಗ್ಗ ಜಗ್ಗುತ್ತದೆ. ಹಾಲು ಡೈರಿಗೆ ಕೊಂಡು ಹೋಗುವವರು ರಸ್ತೆ ದಾಟಲಿಕ್ಕೆ ಕಾಯಬೇಕು. ಹನ್ನೆರಡು ಬೈಕ್ ಒಂದರ ಹಿಂದೆ ಒಂದು, ನಡುವೆ ಜಾಗ ಬಿಡುವುದಿಲ್ಲ. ಒಬ್ಬನೇ ಹೋದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಚಾ ಕುಡಿಯಬಹುದು. ಸುಮ್ನೆ ಯಾಕೆ ಇನ್ನೊಬ್ಬರ ಗಡಿಯಾರಕ್ಕೆ ಓಡುವುದು?

ಕುಂಬಳೆ ಬುಲೆಟ್

ಶಬ್ದದ ವಿಷಯ ಒಪ್ಪಿದೆ ಅಣ್ಣ. ಅದಕ್ಕೆ ಸಮರ್ಥನೆ ಇಲ್ಲ.

ಜಾಗದ ವಿಷಯದಲ್ಲಿ ಲೆಕ್ಕ ನೋಡಿ. 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಒಂದೇ ಸಾಲಿನಲ್ಲಿ ಇಬ್ಬರ ನಡುವೆ ಎರಡು ಸೆಕೆಂಡ್ ಬಿಡಬೇಕು. ಅಂದರೆ 33 ಮೀಟರ್. ಹನ್ನೆರಡು ಬೈಕಿಗೆ 350 ಮೀಟರಿಗಿಂತ ಜಾಸ್ತಿ ಉದ್ದದ ಸಾಲು. ನಮ್ಮ ಚೆರ್ಕಳ-ಜಾಲ್ಸೂರು ರಸ್ತೆಯಲ್ಲಿ ಅಷ್ಟು ಉದ್ದದ ಸಾಲನ್ನು ಬಸ್ಸಿನವನು ಓವರ್‌ಟೇಕ್ ಮಾಡಲಿಕ್ಕೆ ಸಾಧ್ಯವೇ ಇಲ್ಲ. ಅದಕ್ಕೇ ತಿಳಿದವರು ಐದಾರು ಬೈಕಿನ ತಂಡ ಮಾಡಿ, ಎರಡು ತಂಡದ ನಡುವೆ ಕೆಲವು ನಿಮಿಷ ಬಿಟ್ಟು ಹೊರಡುತ್ತಾರೆ. ಪ್ರತಿ ತಂಡಕ್ಕೂ ಬೇರೆ ಲೀಡ್, ಬೇರೆ ಸ್ವೀಪ್. ಇದನ್ನೂ ಕೇಳು ತಮ್ಮಾ.

ಗ್ಯಾರೇಜ್ ಬದಿಯಡ್ಕ

ರೈಡಿನ ಹಿಂದಿನ ಶನಿವಾರ ಸಂಜೆ ಆರು ಗಂಟೆಗೆ ಬೈಕ್ ತಂದು "ಅಣ್ಣಾ, ನಾಳೆ ಮಡಿಕೇರಿ, ಸ್ವಲ್ಪ ನೋಡಿ" ಅನ್ನುವವರು ಇದ್ದಾರೆ. ಹಾಗೆ ಮಾಡಬೇಡಿ ಮಾರಾಯ್ರೇ. ಒಂದು ವಾರ ಮೊದಲು ತನ್ನಿ. ಹೊಸ ಬ್ರೇಕ್ ಪ್ಯಾಡ್ ಹಾಕಿದರೆ ಅದು ಕೂರಲಿಕ್ಕೆ ಸ್ವಲ್ಪ ಓಡಬೇಕು. ಹೊಸ ಟಯರ್ ಮೊದಲು ಜಾರುತ್ತದೆ. ಆ ಜಾರಾಟವನ್ನು ಸಂಪಾಜೆ ಘಾಟಿಯಲ್ಲಿ ಪರೀಕ್ಷೆ ಮಾಡಬೇಡಿ.

ಮನೆಯಲ್ಲೇ ನೋಡುವಂಥದ್ದು. ಟಯರಿನ ಬದಿಯಲ್ಲಿ ಟಿಡಬ್ಲ್ಯುಐ ಅಂತ ಸಣ್ಣ ಗುರುತು ಉಂಟು. ಅದರ ನೇರಕ್ಕೆ ಟಯರಿನ ಗೀರಿನೊಳಗೆ ಸಣ್ಣ ಉಬ್ಬು ಇರುತ್ತದೆ. ಟಯರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಬದಲಿಸಬೇಕು. ಗಾಳಿ ಬೆಳಗ್ಗೆ ಟಯರ್ ತಣ್ಣಗಿರುವಾಗ ನೋಡಿ. ಚೈನ್ ಸಡಿಲ ಎಷ್ಟಿರಬೇಕು ಅಂತ ಬೈಕಿನ ಪುಸ್ತಕದಲ್ಲೇ ಬರೆದಿರುತ್ತದೆ. ಬಿಗಿ ಜಾಸ್ತಿ ಮಾಡಿಕೊಂಡು ಬರುವವರೇ ಹೆಚ್ಚು. ಇಬ್ಬರು ಕೂತರೆ ಅದು ಇನ್ನೂ ಬಿಗಿಯಾಗುತ್ತದೆ.

ಒಂದು ಮುಖ್ಯ ವಿಷಯ. ನಿಮ್ಮದು ಟ್ಯೂಬ್‌ಲೆಸ್ಸಾ, ಟ್ಯೂಬ್ ಉಂಟಾ? ಟ್ಯೂಬ್‌ಲೆಸ್ ಆದರೆ ರಸ್ತೆ ಬದಿಯಲ್ಲೇ ಬತ್ತಿ ಹಾಕಿ ಗಾಳಿ ತುಂಬಿಸಿ ಹೊರಡಬಹುದು. ಕಡ್ಡಿ ಚಕ್ರದ ಬೈಕುಗಳಲ್ಲಿ ಹೆಚ್ಚಿನದಕ್ಕೆ ಟ್ಯೂಬ್. ಅದಕ್ಕೆ ಚಕ್ರ ಬಿಚ್ಚಬೇಕು. ಆ ಬೈಕಿನವರು ಒಂದು ಟ್ಯೂಬ್ ಇಟ್ಟುಕೊಂಡೇ ಹೋಗಿ. ಕರಿಕೆ ಕಾಡಿನ ನಡುವೆ ಟ್ಯೂಬ್ ಮಾರುವವರು ಯಾರಿದ್ದಾರೆ? ಕ್ಲಚ್ ಕೇಬಲ್ ಹಳೆಯದಾದರೆ ಅದೂ ಒಂದು ಇರಲಿ.

150 ಸಿಸಿಗೆ ಈ ದಾರಿ ಎಂತದ್ದೂ ಅಲ್ಲ. ಆಯಿಲ್ ಸರಿ ಇದ್ದರೆ ಆಯಿತು.

ಪೆರ್ಲ ಟು ಪಾಣತ್ತೂರು

ಈ ಸುತ್ತು ನನಗೆ ಚೆನ್ನಾಗಿ ಗೊತ್ತು. ಒಟ್ಟು ಹೆಚ್ಚು ಕಡಿಮೆ 250 ಕಿ.ಮೀ. ಮ್ಯಾಪ್ ತೋರಿಸುವ ಸಮಯವನ್ನು ನಂಬಬೇಡಿ. ಒಬ್ಬನಿಗೆ ಹತ್ತು ನಿಮಿಷದ ಚಾ, ಹತ್ತು ಜನಕ್ಕೆ ಮುಕ್ಕಾಲು ಗಂಟೆ. ಹೆಲ್ಮೆಟ್ ತೆಗೆಯುವುದು, ಗ್ಲೌಸ್ ಹುಡುಕುವುದು, ಫೋಟೋ, ಒಬ್ಬ ಟಾಯ್ಲೆಟ್‌ನಿಂದ ಬರುವಾಗ ಇನ್ನೊಬ್ಬ ಹೋಗುವುದು. ದಿನ ಪೂರ್ತಿ ಬೇಕು. ಸಂಜೆ ಮದುವೆಗೆ ಹೋಗಲಿಕ್ಕೆ ಉಂಟು ಅಂತೆಲ್ಲ ಇಟ್ಟುಕೊಳ್ಳಬೇಡಿ.

5.30ಕ್ಕೆ ಹೊರಡುವುದು ನನಗೆ ಸರಿ ಕಾಣುವುದಿಲ್ಲ. ನವೆಂಬರ್‌ನಲ್ಲಿ ಆಗ ಪೂರ್ತಿ ಕತ್ತಲೆ. ಕಾರಡ್ಕ, ದೇಲಂಪಾಡಿ ಕಡೆ ಆನೆ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆ ಭಾಗ ಬೆಳಕಾದ ಮೇಲೆ ದಾಟುವ ಹಾಗೆ 6.15, 6.30ಕ್ಕೆ ಹೊರಟರೆ ಸಾಕು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ. ಫೋಟೋಕ್ಕೆ ಅಂತ ಮುಂದೆ ಹೋಗುವವನನ್ನು ಹಿಡಿದು ನಿಲ್ಲಿಸಿ.

ಜಾಲ್ಸೂರಿನಲ್ಲಿ ಮಾಣಿ-ಮೈಸೂರು ಹೆದ್ದಾರಿ ಸಿಗುತ್ತದೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 275. ಸುಳ್ಯದವರೆಗೆ ಲಾರಿ, ಬಸ್ ಜಾಸ್ತಿ. ಸಂಪಾಜೆ ದಾಟಿದ ಮೇಲೆ ಏರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು, ಅದೇ ದಾರಿ. ಮಡಿಕೇರಿ ಹತ್ತಿರ ಬರುವಾಗ ಮಂಜು. ಹೆಲ್ಮೆಟಿನ ಗ್ಲಾಸ್ ಒಳಗಿನಿಂದ ಮಬ್ಬಾಗುತ್ತದೆ. ಒಂದು ಬೆರಳು ಹೋಗುವಷ್ಟು ತೆರೆದಿಡಿ.

ಭಾಗಮಂಡಲದಿಂದ ಕರಿಕೆ, ಪಾಣತ್ತೂರು ಕಡೆಗೆ ಇಳಿಯುವ ರಸ್ತೆಯೇ ಈ ರೈಡಿನ ನಿಜವಾದ ಪರೀಕ್ಷೆ. ಕಾಡು, ಕಿರಿದಾದ ರಸ್ತೆ, ಒಂದರ ಮೇಲೆ ಒಂದು ತಿರುವು. ತುಂಬಾ ಕಡೆ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ನೆರಳಿನಲ್ಲಿ ಪಾಚಿ, ಒದ್ದೆ ಎಲೆ. ಎದುರಿನಿಂದ ಜೀಪ್ ಬಂದರೆ ಇಬ್ಬರೂ ಬದಿಗೆ ಇಳಿಯಬೇಕು. ಇಳಿಯುವಾಗ ನ್ಯೂಟ್ರಲ್‌ಗೆ ಹಾಕಬೇಡಿ. ಏರಲಿಕ್ಕೆ ಯಾವ ಗೇರ್ ಬೇಕೋ ಇಳಿಯಲಿಕ್ಕೂ ಅದೇ ಗೇರ್. ಎಂಜಿನ್ ಹಿಡಿದುಕೊಳ್ಳುತ್ತದೆ. ಬರೀ ಬ್ರೇಕ್ ಒತ್ತಿ ಇಳಿದರೆ ಅದು ಬಿಸಿಯಾಗಿ ಹಿಡಿತ ಬಿಡುತ್ತದೆ.

ತುಲಾ ತಿಂಗಳ ಮಳೆ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಬರುತ್ತದೆ. ಆದ್ದರಿಂದ ಭಾಗಮಂಡಲವನ್ನು ಒಂದು ಗಂಟೆಯೊಳಗೆ ಬಿಡುವುದು ಒಳ್ಳೆಯದು. ತೀರ್ಥೋದ್ಭವ ಆಗುವುದು ಅಕ್ಟೋಬರ್ ನಡುವಿನಲ್ಲಿ. ಅದರ ನಂತರವೂ ಸ್ವಲ್ಪ ದಿನ ತಲಕಾವೇರಿ ಕಡೆ ಜನ, ವಾಹನ ಜಾಸ್ತಿ.

ನೀರ್ಚಾಲು ಹುಡುಗ

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಧನ್ಯವಾದ. ಪೆಟ್ರೋಲ್ ಎಲ್ಲಿ ಹಾಕಿಸುವುದು? ಮತ್ತೆ ಆ ಕೈ ಸನ್ನೆಗಳು ಎಲ್ಲ ಕಲಿಯಬೇಕಾ? ಯೂಟ್ಯೂಬ್‌ನಲ್ಲಿ ನೋಡಿದರೆ ಇಪ್ಪತ್ತು ಮೂವತ್ತು ತೋರಿಸುತ್ತಾರೆ.

ಉಪ್ಪಳದ ಅಕ್ಕ

ಪೆಟ್ರೋಲ್ ಹಿಂದಿನ ರಾತ್ರಿಯೇ ಹಾಕಿಸಿಕೊಂಡು ಬಾ. ಇದು ಮರ್ಯಾದೆಯ ಪ್ರಶ್ನೆ. ಹೊರಡುವ ಹೊತ್ತಿಗೆ ಒಬ್ಬ "ಒಂದು ನಿಮಿಷ, ಪಂಪಿಗೆ ಹೋಗಿ ಬರುತ್ತೇನೆ" ಅಂದರೆ ಹನ್ನೊಂದು ಜನ ಕಾಯಬೇಕು. ಆದರೆ ಒಂದು ಗುಟ್ಟು ಹೇಳುತ್ತೇನೆ. ಕಾಸರಗೋಡಿನ ಗುಂಪು ಹೇಗೂ ಗಡಿ ದಾಟಿದ ಮೇಲೆ ಪಂಪಿನಲ್ಲಿ ನಿಂತೇ ನಿಲ್ಲುತ್ತದೆ. ಕರ್ನಾಟಕದಲ್ಲಿ ಲೀಟರಿಗೆ ಕಡಿಮೆ ಅಲ್ವಾ. ಎರಡೂವರೆ ಲಕ್ಷದ ಬೈಕಿನವರು ಅರ್ಧ ಟ್ಯಾಂಕಿನಲ್ಲಿ ಬಂದು ಸುಳ್ಯದಲ್ಲಿ ಸಾಲು ನಿಲ್ಲುವುದನ್ನು ನೋಡಬೇಕು. ಅಲ್ಲಿ ತುಂಬಿಸಿದರೆ ನಿನ್ನ ಬೈಕಿಗೆ ಮನೆಗೆ ಬರುವವರೆಗೆ ಸಾಕು.

ಸನ್ನೆ ಇಪ್ಪತ್ತು ಬೇಡ. ಐದಾರು ಸಾಕು. ಎಲ್ಲ ಎಡಗೈಯಲ್ಲಿ, ಬಲಗೈ ಆಕ್ಸಿಲರೇಟರಿನಲ್ಲಿ ಇರುತ್ತದಲ್ಲ. ಎಡಗೈ ಚಾಚಿ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ. ಕೈ ಕೆಳಗಿಳಿಸಿ ಅಂಗೈ ಹಿಂದಕ್ಕೆ ತೋರಿಸಿದರೆ ನಿಲ್ಲಿಸು. ಒಂದು ಬೆರಳು ಮೇಲೆ ಎತ್ತಿದರೆ ಒಂದೇ ಸಾಲು. ಎರಡು ಬೆರಳು ಎತ್ತಿದರೆ ಓರೆ ಸಾಲು, ಅಂದರೆ ಒಬ್ಬ ಬಲಕ್ಕೆ, ಅವನ ಹಿಂದಿನವನು ಎಡಕ್ಕೆ. ಎಡಕ್ಕೆ ಹೊಂಡ ಇದ್ದರೆ ಎಡಗೈಯಲ್ಲಿ ತೋರಿಸುತ್ತಾರೆ, ಬಲಕ್ಕೆ ಇದ್ದರೆ ಬಲಗಾಲು ಚಾಚುತ್ತಾರೆ. ಟ್ಯಾಂಕಿಗೆ ಬೆರಳು ತೋರಿಸಿದರೆ ಪೆಟ್ರೋಲ್. ಮುಂದಿನವನು ಮಾಡಿದ್ದನ್ನು ನೀನೂ ಮಾಡಿ ಹಿಂದಿನವರಿಗೆ ದಾಟಿಸಬೇಕು. ತಿರುವಿನಲ್ಲಿ, ಬ್ರೇಕ್ ಹಿಡಿಯುವಾಗ ಕೈ ತೆಗೆಯಲೇಬೇಡ. ಹೊಂಡ ಹಿಂದಿನವನಿಗೆ ಕಾಣದಿದ್ದರೂ ಚಿಂತೆ ಇಲ್ಲ, ನೀನು ಬೀಳಬಾರದು. ಹೊರಡುವ ಮೊದಲು ಬ್ರೀಫಿಂಗ್ ಅಂತ ಹತ್ತು ನಿಮಿಷ ನಿಲ್ಲಿಸುತ್ತಾರೆ. ಅವರ ಸನ್ನೆ ಯಾವುದು ಅಂತ ಅಲ್ಲೇ ತೋರಿಸುತ್ತಾರೆ. ಬ್ರೀಫಿಂಗ್ ಇಲ್ಲದೆ ಸ್ಟಾರ್ಟ್ ಮಾಡುವ ಗುಂಪು ಆದರೆ ಅದನ್ನೂ ಗಮನಿಸು.

ಮಲಯಾಳದಲ್ಲಿ ಹೇಳಿದರೆ ಗಾಬರಿ ಬೇಡ, ಅರ್ಥ ಆಗದಿದ್ದರೆ ಕೇಳು. ಕಾಞಂಗಾಡಿನಿಂದ, ಕಣ್ಣೂರಿನಿಂದ ಬರುವವರು ಇರುತ್ತಾರೆ. ಸುಳ್ಯದಲ್ಲಿ ಇಬ್ಬರು ಸೇರಿಕೊಂಡರೆ ಕನ್ನಡ, ತುಳು ಶುರುವಾಗುತ್ತದೆ. ನಮ್ಮ ಊರಿನಲ್ಲಿ ಅದು ಹೊಸತಲ್ಲ.

ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಕೇಳಿ: ನಿಲ್ಲುವ ಜಾಗಗಳಲ್ಲಿ ಟಾಯ್ಲೆಟ್ ಉಂಟಾ? ರೂಟ್ ಹಾಕುವವರಿಗೆ ಸೀನರಿ ಮಾತ್ರ ನೆನಪಿರುತ್ತದೆ. ನಾನು ಮೊದಲೇ ಲೀಡಿಗೆ ಹೇಳಿಬಿಡುತ್ತೇನೆ, ಸುಳ್ಯದಲ್ಲಿ ಒಂದು, ಮಡಿಕೇರಿಯಲ್ಲಿ ಒಂದು, ಭಾಗಮಂಡಲದಲ್ಲಿ ಒಂದು ನಿಲುಗಡೆ ಬೇಕು ಅಂತ. ನಂತರ ನೋಡಿದರೆ ಗಂಡಸರೂ ಅದಕ್ಕೇ ಕಾಯುತ್ತಿರುತ್ತಾರೆ.

ಕೆಎಲ್ ಹದಿನಾಲ್ಕು

ಓರೆ ಸಾಲಿನ ಬಗ್ಗೆ ಒಂದು ತಕರಾರು. ಅದು ಹೆದ್ದಾರಿಗೆ ಸರಿ. ಲೀಡ್ ನಮ್ಮ ಲೇನಿನ ಬಲಭಾಗದಲ್ಲಿ, ಎರಡನೆಯವನು ಎಡಭಾಗದಲ್ಲಿ ಒಂದು ಸೆಕೆಂಡ್ ಹಿಂದೆ, ಮೂರನೆಯವನು ಪುನಃ ಬಲಕ್ಕೆ, ಲೀಡಿನಿಂದ ಎರಡು ಸೆಕೆಂಡ್ ಹಿಂದೆ. ಸಾಲು ಗಿಡ್ಡವಾಗುತ್ತದೆ, ಬ್ರೇಕ್ ಹಿಡಿಯಲಿಕ್ಕೆ ಎದುರು ಜಾಗವೂ ಇರುತ್ತದೆ. ಸರಿ. ಆದರೆ ಮುಳ್ಳೇರಿಯ ದಾಟಿದ ಮೇಲೆ ಓರೆ ಸಾಲು ಮಾಡಿ ಹೋದರೆ ಬಲಗಡೆ ಇದ್ದವನ ಹ್ಯಾಂಡಲ್ ಎದುರಿನ ಬಸ್ಸಿಗೆ ತಾಗುತ್ತದೆ. ವಿಡಿಯೋದಲ್ಲಿ ಚಂದ ಕಾಣುತ್ತದೆ ಅಂತ ಘಾಟಿಯಲ್ಲೂ ಅದೇ ಹಟ ಹಿಡಿಯುವ ಲೀಡ್‌ಗಳನ್ನು ನೋಡಿದ್ದೇನೆ.

ಕುಂಬಳೆ ಬುಲೆಟ್

ನಿಜ. ತಿರುವು, ಕಿರಿದಾದ ರಸ್ತೆ, ಹಾಳಾದ ರಸ್ತೆ, ಮಂಜು, ಇಲ್ಲೆಲ್ಲ ಒಂದೇ ಸಾಲು, ಎರಡು ಸೆಕೆಂಡ್. ಈ ಸುತ್ತಿನಲ್ಲಿ ಓರೆ ಸಾಲು ಮಾಡಬಹುದಾದ ಜಾಗವೇ ಸ್ವಲ್ಪ. ಜಾಲ್ಸೂರಿನಿಂದ ಸಂಪಾಜೆವರೆಗಿನ ನೇರ ತುಂಡುಗಳು, ಮತ್ತೆ ಕೊನೆಗೆ ಕಾಞಂಗಾಡಿನಿಂದ ಬೇಕಲ, ಚಂದ್ರಗಿರಿ ಕಡೆ ಬರುವ ರಸ್ತೆ.

ಇಬ್ಬರು ಅಕ್ಕಪಕ್ಕ ಮಾತಾಡಿಕೊಂಡು ಹೋಗುವುದು ಯಾವತ್ತೂ ಬೇಡ. ಓವರ್‌ಟೇಕ್ ಕೂಡ ಒಬ್ಬೊಬ್ಬರೇ. ಮುಂದಿನವನು ಲಾರಿ ದಾಟಿದ ಅಂತ ನೀನು ಅವನ ಬಾಲ ಹಿಡಿದು ನುಗ್ಗಬಾರದು. ಅವನಿಗೆ ಕಂಡ ಖಾಲಿ ರಸ್ತೆ ನೀನು ಹೋಗುವಾಗ ಖಾಲಿ ಇರುವುದಿಲ್ಲ. ನನ್ನ ಅನುಭವದಲ್ಲಿ ಗುಂಪು ರೈಡಿನಲ್ಲಿ ಮೈ ಜುಂ ಅನ್ನುವಂಥದ್ದು ಆಗುವುದು ಇಲ್ಲೇ. ಹಿಂದೆ ಉಳಿದೆ ಅಂತ ಹೆದರಿಕೆ, ಆ ಹೆದರಿಕೆಗೆ ಒಂದು ತಪ್ಪು ಓವರ್‌ಟೇಕ್.

ಆ ಹೆದರಿಕೆ ಹೋಗಲಿಕ್ಕೆ ಒಂದು ಪದ್ಧತಿ ಉಂಟು. ಮಾರ್ಕರ್ ಅನ್ನುತ್ತಾರೆ. ದಾರಿ ಕವಲೊಡೆಯುವ ಕಡೆ ಲೀಡಿನ ಹಿಂದಿನವನು ಬದಿಗೆ ನಿಲ್ಲಿಸುತ್ತಾನೆ. ಹಿಂದೆ ಬರುವ ಒಬ್ಬೊಬ್ಬರಿಗೂ ಹೀಗೆ ಹೋಗಿ ಅಂತ ಕೈ ತೋರಿಸುತ್ತಾನೆ. ಸ್ವೀಪ್ ಬಂದ ಮೇಲೆ ಅವನ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ಕವಲಿನಲ್ಲಿ ಈಗ ಎರಡನೆಯವನಾಗಿ ಇರುವವನ ಸರದಿ. ಚೆರ್ಕಳದಲ್ಲಿ ಒಬ್ಬ, ಜಾಲ್ಸೂರಿನಲ್ಲಿ ಒಬ್ಬ, ಮಡಿಕೇರಿ ಪೇಟೆಯೊಳಗೆ ಇಬ್ಬರು, ಭಾಗಮಂಡಲದಲ್ಲಿ ಒಬ್ಬ. ಇಷ್ಟಾದರೆ ಮುಂದಿನ ಬೈಕ್ ಕಾಣಬೇಕು ಅಂತ ಇಲ್ಲವೇ ಇಲ್ಲ. ಆರಾಮ ನಿನ್ನ ವೇಗದಲ್ಲಿ ಬಾ. ಕವಲಿನಲ್ಲಿ ಜನ ನಿಂತಿರುತ್ತಾರೆ. ಜನ ಇಲ್ಲದಿದ್ದರೆ ನೇರ ದಾರಿ.

ನೀನು ಮಾರ್ಕರ್ ಆಗಿ ನಿಂತರೆ ಮಾತ್ರ ಅಲ್ಲಿಂದ ಅಲುಗಾಡಬೇಡ. ಸ್ವೀಪ್ ಅರ್ಧ ಗಂಟೆ ಬಾರದಿದ್ದರೂ ಸರಿ. ಪಕ್ಕದಲ್ಲಿ ಗೋಳಿಬಜೆ ಅಂಗಡಿ ಇದ್ದರೂ ಸರಿ.

ಕರಿ ಕೋಟು

ಕಾನೂನಿನ ಕಡೆಯಿಂದ ಸ್ವಲ್ಪ.

ಹೆಲ್ಮೆಟ್ ಇಬ್ಬರಿಗೂ, ಹಿಂದೆ ಕೂರುವವರಿಗೂ. ಐಎಸ್‌ಐ ಗುರುತು, ಐಎಸ್ 4151 ಅಂತ ನಂಬರ್ ನೋಡಿ ತೆಗೆದುಕೊಳ್ಳಿ. 2021ರ ಜೂನ್‌ನಿಂದ ಆ ಗುರುತು ಇಲ್ಲದ ಹೆಲ್ಮೆಟ್ ಮಾರುವುದೇ ತಪ್ಪು. ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮೆರಾ ದಂಡ ಹಾಕಲು ಶುರು ಮಾಡಿದ್ದು, ರಾಜ್ಯದಲ್ಲಿ ಒಟ್ಟು 726 ಕ್ಯಾಮೆರಾ. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ. ಕ್ಯಾಮೆರಾಕ್ಕೆ ಗುಂಪು ಗಿಂಪು ಗೊತ್ತಿಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಚಲನ್ ಬರುತ್ತದೆ.

ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಪರೀಕ್ಷೆ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿ ಇದ್ದರೆ ಸಾಕು. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಅದು ತೆರೆಯುವುದಿಲ್ಲ. ಮೊದಲೇ ಡೌನ್‌ಲೋಡ್ ಮಾಡಿಡಿ. ಸೈಲೆನ್ಸರ್ ಬದಲಿಸಿದ ಬೈಕ್ ಗುಂಪಿನಲ್ಲಿ ಒಂದಿದ್ದರೆ ಹನ್ನೆರಡನ್ನೂ ನಿಲ್ಲಿಸುತ್ತಾರೆ. ಅಲ್ಲಿಗೆ ಒಂದು ಗಂಟೆ ಹೋಯಿತು.

ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್. ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. "ನಾನು ಸುಮ್ನೆ ಅವರ ಹಿಂದೆ ಇದ್ದೆ" ಅನ್ನುವುದು ನಡೆಯುತ್ತದೆ ಅಂತ ನಂಬಿಕೊಳ್ಳಬೇಡಿ.

ಗೆಳೆಯನ ಬೈಕ್ ಕೇಳಿಕೊಂಡು ಹೋಗುವವರಿಗೆ: ಇನ್ಶೂರೆನ್ಸ್ ಜೊತೆ ಕಡ್ಡಾಯವಾಗಿ ಇರುವ 15 ಲಕ್ಷದ ಅಪಘಾತ ವಿಮೆ ಬೈಕಿನ ಮಾಲೀಕನೇ ಓಡಿಸುವಾಗ ಅವನಿಗೆ. ನಿಮಗಲ್ಲ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಬೈಕಿನ ರಿಪೇರಿಗೂ ಒಂದು ಪೈಸೆ ಬರುವುದಿಲ್ಲ.

ಹೋಗುವ ಮೊದಲು ಗುಂಪಿನವರು ಒಂದು ಕಾಗದಕ್ಕೆ ಸಹಿ ಹಾಕಿಸಬಹುದು, ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ. ಅದು ಸಾಮಾನ್ಯ. ಓದಿ ಸಹಿ ಹಾಕಿ. ಮನೆಯವರ ನಂಬರ್, ರಕ್ತದ ಗುಂಪು ಕೇಳಿದರೆ ಸರಿಯಾಗಿ ಕೊಡಿ.

ಆಸ್ಪತ್ರೆ ಡ್ಯೂಟಿ

ಅಪಘಾತ ಆದರೆ ಎಂತ ಮಾಡಬೇಕು ಅಂತ ಯಾರೂ ಬರೆಯಲಿಲ್ಲ. ನಾನು ನರ್ಸ್.

ಗುಂಪಿನಲ್ಲಿ ಒಬ್ಬ ಬಿದ್ದರೆ ಹತ್ತು ಜನರೂ ರಸ್ತೆಯಲ್ಲೇ ಬೈಕ್ ಬಿಟ್ಟು ಓಡಿ ಬರುತ್ತಾರೆ. ಎರಡನೆಯ ಅಪಘಾತ ಆಗುವುದು ಹಾಗೆ. ಇಬ್ಬರು ಬಿದ್ದವರ ಹತ್ತಿರ ಇರಲಿ. ಒಬ್ಬ ಹಿಂದಿನ ತಿರುವಿನ ಆಚೆ, ಒಬ್ಬ ಮುಂದಿನ ತಿರುವಿನ ಆಚೆ ನಿಂತು ವಾಹನ ನಿಧಾನ ಮಾಡಿಸಲಿ. ಉಳಿದವರು ಬೈಕ್ ಬದಿಗೆ ಹಾಕಿ ಸುಮ್ಮನಿರಲಿ.

ಎಬ್ಬಿಸಿ ಕೂರಿಸಬೇಡಿ. ನೀರು ಕುಡಿಸಬೇಡಿ. ಉಸಿರಾಡುತ್ತಿದ್ದಾರೆ, ಮಾತಾಡುತ್ತಿದ್ದಾರೆ ಅಂದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿರಬಹುದು. ಗ್ಲಾಸ್ ಎತ್ತಿದರೆ ಸಾಕು. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತೆಗೆದು ತೆಗೆದು ನೋಡಬೇಡಿ.

108, 112 ಎರಡೂ ರಾಜ್ಯದಲ್ಲಿ ಉಂಟು. ಗಡಿಯಲ್ಲಿ ಇರುವಾಗ ಫೋನ್ ಎತ್ತಿದ ಕೂಡಲೇ ಯಾವ ರಾಜ್ಯ, ಯಾವ ಊರು ಅಂತ ಮೊದಲು ಹೇಳಿ. ಕರಿಕೆ ರಸ್ತೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಇಬ್ಬರು ಒಟ್ಟಿಗೆ ಹೋಗಿ ಸಿಗ್ನಲ್ ಹುಡುಕಬೇಕು, ಒಬ್ಬನೇ ಅಲ್ಲ. ನಮ್ಮ ಕಡೆ ದೊಡ್ಡ ಪೆಟ್ಟಾದರೆ ಕೊನೆಗೆ ಮಂಗಳೂರಿಗೇ ಓಡುವುದು ಅಂತ ನಿಮಗೆಲ್ಲ ಗೊತ್ತು. ಆ ದಾರಿ ಉದ್ದ. ಅದಕ್ಕೇ ಮೊದಲ ಹತ್ತು ನಿಮಿಷ ಸರಿಯಾಗಿ ನೋಡಿಕೊಳ್ಳಿ. ಸಹಾಯ ಮಾಡಿದವರಿಗೆ ಪೊಲೀಸ್ ತೊಂದರೆ ಕೊಡುವ ಹಾಗಿಲ್ಲ, 2019ರ ತಿದ್ದುಪಡಿಯಲ್ಲಿ ಅದಕ್ಕೆ ರಕ್ಷಣೆ ಉಂಟು. ಕರಿ ಕೋಟು ಅವರೇ, ಸರಿಯಾ?

ಕರಿ ಕೋಟು

ಸರಿ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್. ಹೆಸರು, ವಿಳಾಸ ಕೊಡಲೇಬೇಕು ಅಂತಲೂ ಇಲ್ಲ.

ಅಡಿಕೆ ತೋಟ

ನರ್ಸಮ್ಮ ಬರೆದದ್ದನ್ನು ಓದಿ ನಾನು ಮಗನಿಗೆ ಕಳುಹಿಸಿದೆ. ಅವನೂ ಒಂದು ಗುಂಪಿನಲ್ಲಿ ಇದ್ದಾನಂತೆ, ನನಗೆ ಇವತ್ತೇ ಗೊತ್ತಾದದ್ದು.

ಉಪ್ಪಳದ ಅಕ್ಕ

ಹ್ಹ ಹ್ಹ. ಅಣ್ಣ, ಮಗನ ಸೈಲೆನ್ಸರ್ ಒಮ್ಮೆ ನೋಡಿ.

ಹುಡುಗ ಜಾಕೆಟ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಮೊದಲ ರೈಡಿಗೆ ಸಾವಿರಾರು ರೂಪಾಯಿ ಸುರಿಯಬೇಡ. ಒಳ್ಳೆಯ ಹೆಲ್ಮೆಟ್, ಗ್ಲೌಸ್, ಮಂಡಿಗೆ ಗಾರ್ಡ್, ಕಣಕಾಲು ಮುಚ್ಚುವ ಬೂಟು, ದಪ್ಪ ಜೀನ್ಸ್. ಇದು ಕನಿಷ್ಠ. ಜಾಕೆಟ್ ಯಾರದ್ದಾದರೂ ಸಿಗುತ್ತದಾ ಕೇಳು. ಗುಂಪಿನಲ್ಲಿ ಎರಡೆರಡು ಇದ್ದವರು ಇರುತ್ತಾರೆ. ಅಳತೆ ಸರಿ ಇರಬೇಕು, ಮೊಣಕೈ ಗಾರ್ಡ್ ಮೊಣಕೈಯಲ್ಲೇ ನಿಲ್ಲಬೇಕು. ಚಪ್ಪಲಿಯಲ್ಲಿ ಬಂದರೆ ಒಳ್ಳೆಯ ಗುಂಪಿನವರು ಅಲ್ಲಿಂದಲೇ ವಾಪಸ್ ಕಳುಹಿಸುತ್ತಾರೆ.

ಮಳೆ ಕೋಟು ಇರಲಿ. ಒಂದು ಬಾಟಲಿ ನೀರು. ಚಿಲ್ಲರೆ ಹಣ. ಹೋಟೆಲಿನಲ್ಲಿ ಒಟ್ಟು ಬಿಲ್ಲನ್ನು ತಲೆಗೆ ಇಷ್ಟು ಅಂತ ಹಂಚುತ್ತಾರೆ. ನೀನು ಸಜ್ಜಿಗೆ ಬಜಿಲು ತಿಂದು ಅವನು ಬಿರಿಯಾನಿ ತಿಂದರೂ ಅಷ್ಟೇ. ಮೊದಲ ದಿನವೇ ಲೆಕ್ಕಕ್ಕೆ ಜಗಳ ಬೇಡ.

ಮಧ್ಯಾಹ್ನ ಊಟಕ್ಕೆ ನಿಂತಾಗ ಯಾರಾದರೂ ಬಿಯರ್ ತೆಗೆದರೆ ಮಾತ್ರ ಆ ಗುಂಪಿನ ಜೊತೆ ಕರಿಕೆ ಇಳಿಯಬೇಡ. ನೇರ ಸಂಪಾಜೆ ದಾರಿಯಲ್ಲಿ ಮನೆಗೆ ಬಾ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಕೆಎಲ್ ಹದಿನಾಲ್ಕು

ನಡುವೆ ಬಿಟ್ಟು ಬರುವಾಗ ಲೀಡಿಗೆ ಅಥವಾ ಸ್ವೀಪಿಗೆ ಹೇಳಿಯೇ ಬರಬೇಕು. ಹೇಳದೆ ತಿರುಗಿದರೆ ಅವರು ಕಾಡಿನಲ್ಲಿ ಹುಡುಕುತ್ತಾ ಇರುತ್ತಾರೆ. ಹಾಗೆ ಒಮ್ಮೆ ಆಗಿದೆ. ಆ ಮನುಷ್ಯ ಮನೆಯಲ್ಲಿ ಊಟ ಮಾಡಿ ಮಲಗಿದ್ದ, ಗುಂಪು ಇಡೀ ಭಾಗಮಂಡಲದಲ್ಲಿ ಅಂಗಡಿ ಅಂಗಡಿಯಲ್ಲಿ ಕೇಳುತ್ತಿತ್ತು.

ವೇದಿಕೆ ನಿರ್ವಾಹಕ

ಕ್ಲಬ್ಬುಗಳ ಹೆಸರು ಹಾಕಿ ಬೈದಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ. ಅನುಭವ ಹೇಳಿ, ಹೆಸರು ಬೇಡ.

ನೀರ್ಚಾಲು ಹುಡುಗ

ಕುಂಬಳೆ ಅಣ್ಣ ಹೇಳಿದ ಹಾಗೆ ಗ್ರೂಪಿನಲ್ಲಿ ಪ್ರಶ್ನೆ ಹಾಕಿದೆ. ಮೊದಲು ಇಬ್ಬರು ನಗುವ ಇಮೋಜಿ ಹಾಕಿದರು. ಐದು ನಿಮಿಷದಲ್ಲಿ ಒಬ್ಬರು ಫೋನೇ ಮಾಡಿದರು. ಸ್ವೀಪ್ ಅವರೇ ಅಂತೆ, ಕಾಞಂಗಾಡಿನವರು. ಎರಡು ತಂಡ ಮಾಡುತ್ತಾರಂತೆ, ನಾನು ಮೊದಲ ತಂಡದಲ್ಲಿ ಎರಡನೆಯವನು. ಕತ್ತಲೆಯ ವಿಷಯ ಹೇಳಿದ್ದಕ್ಕೆ ಹೊರಡುವ ಸಮಯ 6.15 ಮಾಡಿದರು. ನನ್ನ ಟಯರಿನ ಫೋಟೋ ಕಳುಹಿಸು ಅಂದರು. ಕಳುಹಿಸಿದೆ. ಹಿಂದಿನದು ಬದಲಿಸಬೇಕಂತೆ.

ಈ ಬುಧವಾರ ಬದಿಯಡ್ಕಕ್ಕೆ ಬೈಕ್ ತರುತ್ತೇನೆ ಅಣ್ಣ. ಇನ್ನು ಒಂದೇ ಪ್ರಶ್ನೆ. ಮಳೆ ಕೋಟು, ನೀರು ಎಲ್ಲ ಬೆನ್ನಿಗೆ ಬ್ಯಾಗ್ ಹಾಕಿಕೊಂಡರೆ ಸಾಕಾ, ಸೀಟಿಗೆ ಕಟ್ಟಬೇಕಾ?

ಗ್ಯಾರೇಜ್ ಬದಿಯಡ್ಕ

ಬುಧವಾರ ಬೇಡ, ಮಂಗಳವಾರ ಬೆಳಗ್ಗೆ ತಾ. ನಿನ್ನ ಸೈಜಿನ ಟಯರ್ ಕಾಸರಗೋಡಿನಿಂದ ತರಿಸಬೇಕು.

ಬ್ಯಾಗ್ ಸೀಟಿಗೆ ಕಟ್ಟು. ದಿನವಿಡೀ ಬೆನ್ನಿಗೆ ಹಾಕಿದರೆ ಭುಜ ನೋವಾಗುತ್ತದೆ. ಹುಕ್ ಇರುವ ರಬ್ಬರ್ ಹಗ್ಗ ಬೇಡ, ಅದು ಕಳಚಿ ಹಿಂದಿನ ಚಕ್ರಕ್ಕೆ ಸುತ್ತುತ್ತದೆ. ಅಗಲದ ಬೆಲ್ಟ್ ಸಿಗುತ್ತದೆ, ಅದರಲ್ಲಿ ಕಟ್ಟಿ ಉಳಿದ ತುದಿಯನ್ನು ಮಡಚಿ ಒಳಗೆ ಸಿಕ್ಕಿಸು. ಮಳೆ ಕೋಟು ಎಲ್ಲದರ ಮೇಲೆ ಇರಲಿ, ಅಡಿಯಲ್ಲಿ ಅಲ್ಲ.